ಕಲ್ಲು ನೋಡುವ ಕ್ರಮ: ಪ್ರಯೋಗಾಲಯದ ಕಾಲದಲ್ಲಿ ರತ್ನ ಆರಿಸುವುದು ಹೇಗೆ

ಮುಂಬೈನ ಜವೇರಿ ಬಜಾರಿನ ಅಂಗಡಿಯಲ್ಲಿ ಕೆಂಪು ಕಲ್ಲೊಂದನ್ನು ಮುಂದಿಟ್ಟರೆ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಇದು ಒರಿಜಿನಲ್ಲಾ?" ಅಂಗಡಿಯವರು ಹೌದೆನ್ನುತ್ತಾರೆ, ಒಂದು ಕಾರ್ಡು ತೋರಿಸುತ್ತಾರೆ, ಮಾತು ದರಕ್ಕೆ ಹೊರಳುತ್ತದೆ. ಆದರೆ ಆ ಒಂದು ಪ್ರಶ್ನೆಯೊಳಗೆ ನಾಲ್ಕು ಪ್ರಶ್ನೆಗಳಿವೆ. ಇದು ಯಾವ ಕಲ್ಲು? ಭೂಮಿಯಲ್ಲಿ ಹುಟ್ಟಿದ್ದೋ, ಕಾರ್ಖಾನೆಯಲ್ಲಿ ಬೆಳೆಸಿದ್ದೋ? ನೆಲದಿಂದ ತೆಗೆದ ಮೇಲೆ ಇದಕ್ಕೆ ಏನೇನು ಮಾಡಿದ್ದಾರೆ? ಕೊನೆಯದಾಗಿ, ಇದು ತನ್ನ ಜಾತಿಯಲ್ಲಿ ಒಳ್ಳೆಯ ಕಲ್ಲೇ?

ಮೊದಲ ಮೂರಕ್ಕೆ ಪ್ರಯೋಗಾಲಯ ಉತ್ತರ ಕೊಡುತ್ತದೆ. ನಾಲ್ಕನೆಯದಕ್ಕೆ ಕಣ್ಣೇ ಬೇಕು. ಚೂರೂ ದೋಷವಿಲ್ಲದ ಕೆಂಪು ಕಲ್ಲನ್ನು ಕುಲುಮೆಯಲ್ಲಿ ಕೆಲವೇ ಗಂಟೆಗಳಲ್ಲಿ ಬೆಳೆಸುವ ಕಾಲದಲ್ಲಿ "ಎಷ್ಟು ಸ್ವಚ್ಛವಾಗಿದೆ!" ಎಂದು ಮೆಚ್ಚುವುದು ಸಾಲದು. ಆದ್ದರಿಂದ ಮೊದಲು ಕಣ್ಣು, ಆಮೇಲೆ ತೂಕ ಮತ್ತು ಸಣ್ಣ ಉಪಕರಣ, ಆಮೇಲೆ ಪ್ರಯೋಗಾಲಯ, ಎಲ್ಲದರ ಕೊನೆಗೆ ದುಡ್ಡು. ಈ ಕ್ರಮ ತಲೆಕೆಳಗಾದರೆ, ಅಂದರೆ ಕಾಗದ ಓದಿ ಆಮೇಲೆ ಕಲ್ಲು ನೋಡಿದರೆ, ಕಣ್ಣು ಕಾಗದದಲ್ಲಿ ಇರುವುದನ್ನೇ ಕಾಣುತ್ತದೆ.

ಬೆಳೆಸಿದ ಕಲ್ಲು ಮೋಸದ ಕಲ್ಲಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಬೆಳೆಸಿದ ಮಾಣಿಕ್ಯಕ್ಕೂ ಗಣಿಯ ಮಾಣಿಕ್ಯಕ್ಕೂ ರಾಸಾಯನಿಕ ಸಂಯೋಜನೆ ಒಂದೇ, ಗಡಸುತನ ಒಂದೇ, ಹೊಳಪೂ ಒಂದೇ. ಬೆಳೆಸಿದ್ದನ್ನು ಗಣಿಯದೆಂದು ಹೇಳಿ ಮಾರಿದಾಗ ಮಾತ್ರ ಅದು ಮೋಸ. ಗಾಜಿಗೆ ಕೆಂಪು ಬಣ್ಣ ಕೊಟ್ಟರೆ ಅದು ನಕಲು. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕುವವರ ಮಾತಿನಲ್ಲಿ ಮುಂದಿನದೆಲ್ಲ ಗೊಂದಲವಾಗುತ್ತದೆ.

ಬೆಳಕು

ಆಭರಣದಂಗಡಿಯ ಚಾವಣಿಯಲ್ಲಿರುವ ಹಳದಿ ಸ್ಪಾಟ್‌ಲೈಟುಗಳು ಚಿನ್ನಕ್ಕೆ, ಮಾಣಿಕ್ಯಕ್ಕೆ ಮಾಡಿಸಿದವು. ಅವುಗಳ ಕೆಳಗೆ ಸಾಧಾರಣ ಮಾಣಿಕ್ಯವೂ ಕೆಂಡದಂತೆ ಕಾಣುತ್ತದೆ. ಒಳ್ಳೆಯ ನೀಲ ಮಂಕಾಗುತ್ತದೆ. ಬಿಳಿ ಎಲ್‌ಇಡಿ ಕೆಳಗೆ ಇದು ಉಲ್ಟಾ. ಹಾಗಾಗಿ ಕಲ್ಲನ್ನು ಕನಿಷ್ಠ ಎರಡು ಬೆಳಕಿನಲ್ಲಿ ನೋಡಿ: ಅಂಗಡಿಯ ದೀಪ ಒಂದು, ಬಾಗಿಲಿನಿಂದ ಬರುವ ಹಗಲು ಒಂದು. ನೇರ ಬಿಸಿಲು ಬೇಡ, ಅದು ಮಿಂಚು ಹುಟ್ಟಿಸಿ ಬಣ್ಣವನ್ನು ಮುಚ್ಚುತ್ತದೆ. ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರರ ಒಳಗೆ, ನೆರಳಿನಲ್ಲಿ ಬರುವ ಬೆಳಕು ಒಳ್ಳೆಯದು. ಕಾಳಬಾದೇವಿಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಎದುರಿನ ಕಟ್ಟಡದ ಗೋಡೆಯ ಬಣ್ಣವೂ ಕಲ್ಲಿಗೆ ಬಂದು ಬೀಳುತ್ತದೆ, ಅದರ ಮೇಲೊಂದು ಕಣ್ಣಿರಲಿ. ಮುಂಬೈ ಮಳೆಗಾಲದ ಮೋಡದ ಬೆಳಕು ಬಣ್ಣ ನೋಡಲು ನಿಜಕ್ಕೂ ಚೆನ್ನ. ಆದರೆ ಆ ದಿನಗಳಲ್ಲೇ ಅಂಗಡಿಗಳು ಎಲ್ಲ ದೀಪ ಹೊತ್ತಿಸಿರುತ್ತವೆ.

ಬಿಳಿ ಕಾಗದವನ್ನು ನಡುವೆ ಮಡಚಿ ಆ ಮಡಿಕೆಯಲ್ಲಿ ಕಲ್ಲನ್ನು ಮುಖ ಮೇಲೆ ಮಾಡಿ ಇಡಿ. ಆ ದಿನ ಬಿಳಿ ಅಥವಾ ಬೂದು ಬಟ್ಟೆ ಉಟ್ಟು ಹೋಗಿ. ಕೆಂಪು ಸೀರೆಯ, ನೀಲಿ ಅಂಗಿಯ ಪ್ರತಿಫಲನ ಕಲ್ಲಿನೊಳಗೆ ಕಾಣುತ್ತದೆ. ಈಗ ಮೂರು ಸಂಗತಿ ನೋಡಿ. ಒಂದು, ಮುಖ್ಯ ಬಣ್ಣದ ಜೊತೆ ಬೇರೆ ಯಾವ ಛಾಯೆ ಇದೆ: ಕೆಂಪಿಗೆ ಕಂದು ಸೇರಿದೆಯೇ, ನೀಲಿಗೆ ಬೂದು ಸೇರಿದೆಯೇ, ಹಸಿರಿಗೆ ಹಳದಿ ಸೇರಿದೆಯೇ. ಕಂದು ಮತ್ತು ಬೂದು ಬೆಲೆಯನ್ನು ತಿನ್ನುತ್ತವೆ. ಎರಡು, ಬಣ್ಣ ಎಷ್ಟು ಗಾಢ. ಗಾಢವಾದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಒಂದು ಹಂತದ ಮೇಲೆ ನೀಲ ಶಾಯಿಯಂತೆ ಕಪ್ಪಾಗುತ್ತದೆ, ಸಂಜೆಯ ಮದುವೆ ಮಂಟಪದಲ್ಲಿ ಅದು ಬರೀ ಕಪ್ಪು ಚುಕ್ಕೆ. ಮೂರು, ಬಣ್ಣ ಮುಖದ ಉದ್ದಗಲಕ್ಕೂ ಹರಡಿದೆಯೇ. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಕಲ್ಲನ್ನು ಅಚ್ಚಾದ ಕಾಗದದ ಮೇಲೆ ಮುಖ ಮೇಲೆ ಮಾಡಿ ಇಟ್ಟು ನೇರವಾಗಿ ನೋಡಿ. ನಡುವೆ ಅಕ್ಷರ ಓದಲು ಬಂದರೆ ಕಟಿಂಗ್ ತೆಳುವಾಗಿದೆ, ಬೆಳಕು ಕೆಳಗಿನಿಂದ ಸೋರಿ ಹೋಗುತ್ತಿದೆ. ಇದನ್ನು ಕಿಟಕಿ ಅನ್ನುತ್ತಾರೆ. ಕಿಟಕಿಯಿರುವ ಕಲ್ಲಿಗೆ ಹಿಂದಿನಿಂದ ಬಣ್ಣದ ತಗಡು ಕೊಟ್ಟು, ಹಿಂಬದಿ ಮುಚ್ಚಿ ಕೂರಿಸುವುದು ಹಳೆಯ ಉಪಾಯ. ಹಾಗಾಗಿ ಉಂಗುರಕ್ಕೆ ಹಿಂಬದಿ ತೆರೆದ ಕೆಲಸವನ್ನೇ ಕೇಳಿ.

ಲೂಪ್ ಹಿಡಿಯುವುದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮೂರು ಮಸೂರಗಳ ಲೂಪ್ ಸಾಕು. ಪೇಟೆಯಲ್ಲಿ ಇದಕ್ಕೆ ಐಗ್ಲಾಸ್ ಅಂತಲೂ ಹೆಸರು. ಇಪ್ಪತ್ತು, ಮೂವತ್ತು ಪಟ್ಟು ಎಂದು ಬರೆದ ಅಗ್ಗದವು ಬೇಡ: ಅಂಚಿನಲ್ಲಿ ಬಣ್ಣ ಒಡೆಯುತ್ತವೆ, ನೋಟದ ಜಾಗ ಕಿರಿದಾಗುತ್ತದೆ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ, ಕಲ್ಲನ್ನು ಅದರಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ತನ್ನಿ. ಎರಡೂ ಕೈಗಳ ಬೆರಳು ಒಂದಕ್ಕೊಂದು ಆನಿಕೊಂಡಿರಲಿ, ಇಲ್ಲದಿದ್ದರೆ ಕೈ ನಡುಗಿ ನೋಟ ಕದಲುತ್ತದೆ. ಎರಡೂ ಕಣ್ಣು ತೆರೆದಿರಲಿ. ಬೆಳಕು ಪಕ್ಕದಿಂದ ಬರಲಿ, ಕಲ್ಲಿನ ಹಿಂದೆ ಕಪ್ಪು ಬಟ್ಟೆ ಇರಲಿ. ಆಗ ಒಳಗಿನ ಗುರುತುಗಳು ಕಪ್ಪಿನ ಮೇಲೆ ಬೆಳ್ಳಗೆ ಎದ್ದು ಕಾಣುತ್ತವೆ. ನೋಡುವ ಮೊದಲು ಕಲ್ಲನ್ನು ಒರೆಸಿ. ಹೊಸಬರು ಒಳಗಿನ ದೋಷವೆಂದು ತೋರಿಸುವುದರಲ್ಲಿ ಬಹುಪಾಲು ಮೇಲಿನ ಧೂಳೇ. ಚಿಮಟದಲ್ಲಿ ಹಿಡಿದು ಸ್ವಲ್ಪ ಸ್ವಲ್ಪ ತಿರುಗಿಸಿ: ಧೂಳಾದರೆ ಮೇಲ್ಮೈಯ ಜೊತೆಗೇ ಸರಿಯುತ್ತದೆ, ಒಳಗಿನದಾದರೆ ಬೇರೆ ಆಳದಲ್ಲಿ ಚಲಿಸುತ್ತದೆ.

ಮಾಣಿಕ್ಯವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ, ಏಕೆಂದರೆ ನಮ್ಮ ಮನೆಗಳ ಕೆಂಪಿನ ಬೆಂಡೋಲೆ, ಅಡ್ಡಿಕೆ ಎಲ್ಲದರಲ್ಲೂ ಇರುವುದು ಇದೇ ಎಂದು ನಂಬಿಕೊಂಡಿದ್ದೇವೆ. ಗಣಿಯ ಮಾಣಿಕ್ಯದೊಳಗೆ ಸಾಮಾನ್ಯವಾಗಿ ಕಾಣುವುದು ರೇಷ್ಮೆಯೆಳೆಯಂಥ ಸಣ್ಣ ಸೂಜಿಗಳು. ಅವು ರೂಟೈಲ್ ಎಂಬ ಖನಿಜದವು, ಮೂರು ದಿಕ್ಕಿಗೆ 60 ಡಿಗ್ರಿ ಕೋನದಲ್ಲಿ ಒಂದನ್ನೊಂದು ದಾಟುತ್ತವೆ. ಬೆರಳಚ್ಚಿನಂತೆ ಕಾಣುವ ಸಣ್ಣ ದ್ರವಬಿಂದುಗಳ ಹಾಳೆ, ಸಣ್ಣ ಹರಳುಗಳು, ನೇರ ಗೆರೆಯಲ್ಲಿ ಅಥವಾ ಕೋನ ಮಾಡಿ ತಿರುಗುವ ಬಣ್ಣದ ಪಟ್ಟಿ, ಇವೂ ಗಣಿಯ ಗುರುತುಗಳೇ. ರೇಷ್ಮೆಯ ಎಳೆಗಳು ತುಂಡಾಗಿ ಚುಕ್ಕಿಸಾಲಿನಂತಾಗಿದ್ದರೆ ಕಲ್ಲನ್ನು ಕಾಯಿಸಿರುವ ಸಾಧ್ಯತೆ ಹೆಚ್ಚು. ಹೆಚ್ಚಿನ ಶಾಖದಲ್ಲಿ ರೂಟೈಲ್ ಕರಗಿ ಕಲ್ಲಿನೊಳಗೇ ಸೇರಿಹೋಗುತ್ತದೆ.

ಬೆಳೆಸಿದ್ದರಲ್ಲಿ ಹಳೆಯ ಮತ್ತು ಅತಿ ಅಗ್ಗದ ವಿಧಾನ ಫ್ರಾನ್ಸಿನ ಆಗಸ್ಟ್ ವರ್ನ್ಯೂಯಿ 1902ರಲ್ಲಿ ಪ್ರಕಟಿಸಿದ್ದು. ಅಲ್ಯುಮಿನಾ ಪುಡಿಯನ್ನು ಉರಿಯ ಮೂಲಕ ಉದುರಿಸಿ, ಕರಗಿದ ಹನಿಗಳನ್ನು ಕೆಳಗೆ ಒಂದರ ಮೇಲೊಂದು ಗಟ್ಟಿಯಾಗಿಸುತ್ತಾರೆ. ಹಾಗೆ ಬೆಳೆಯುವ ತುದಿ ಗುಂಡಗಿರುವುದರಿಂದ ಒಳಗಿನ ಪದರಗಳೂ ಬಾಗಿರುತ್ತವೆ. ಭೂಮಿಯಲ್ಲಿ ಬೆಳೆದ ಮಾಣಿಕ್ಯಕ್ಕೆ ಬಾಗಿದ ಪದರ ಇರುವುದಿಲ್ಲ. ಆದ್ದರಿಂದ ಬಾಗಿದ ಗೆರೆ ಒಂದು ಕಂಡರೂ ತೀರ್ಮಾನವಾಯಿತು. ದುಂಡಗಿನ ಅಥವಾ ಬಾಲವಿರುವ ಗಾಳಿಗುಳ್ಳೆಗಳೂ ಇರಬಹುದು. ಕಷ್ಟ ಏನೆಂದರೆ ಮಾಣಿಕ್ಯದಲ್ಲಿ ಈ ಗೆರೆಗಳು ತೀರಾ ನವಿರು. ಕಲ್ಲನ್ನು ಸಣ್ಣ ಗಾಜಿನ ಬಟ್ಟಲಲ್ಲಿ ಗ್ಲಿಸರಿನ್ ಹಾಕಿ ಮುಳುಗಿಸಿ, ಕೆಳಗಿನಿಂದ ಬಿಳಿ ಟಿಶ್ಯೂ ಕಾಗದದ ಮೂಲಕ ಬೆಳಕು ಬಿಟ್ಟು, ನಿಧಾನವಾಗಿ ತಿರುಗಿಸಬೇಕು. ನೀಲಿ ಬೆಳೆಸಿದ ಕಲ್ಲಿನಲ್ಲಿ ಬಾಗಿದ ಬಣ್ಣದ ಪಟ್ಟಿ ಇಷ್ಟು ಕಾಡದೆ ಸಿಗುತ್ತದೆ. ಹಳದಿಯಲ್ಲಿ, ಅಂದರೆ ಪುಷ್ಯರಾಗವೆಂದು ಮಾರುವ ಬೆಳೆಸಿದ ಕಲ್ಲಿನಲ್ಲಿ, ಲೂಪಿಗೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಅದಕ್ಕೆ ಪ್ರಯೋಗಾಲಯವೇ ಗತಿ. ಎಣ್ಣೆ ಹಾಕಿದ ಪಚ್ಚೆ, ಅಂಟಿಸಿದ ಕಲ್ಲು, ಮುತ್ತು ಇವನ್ನು ಮಾತ್ರ ಯಾವ ದ್ರವದಲ್ಲೂ ಮುಳುಗಿಸಬೇಡಿ.

ವರ್ನ್ಯೂಯಿ ವಿಧಾನದ ಕಲ್ಲುಗಳು ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಪೇಟೆಗೆ ಹರಿದುಬಂದವು. ಹಾಗಾಗಿ "ಇದು ಅಜ್ಜಿಯ ಕಾಲದ ಒಡವೆ" ಎಂಬುದು ಚಿನ್ನದ ವಯಸ್ಸಿಗೆ ಸಾಕ್ಷಿ, ಕಲ್ಲಿನ ಹುಟ್ಟಿಗಲ್ಲ. ಏಳು ಕಲ್ಲಿನ ಬೆಂಡೋಲೆಯಲ್ಲಿ ಏಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬಣ್ಣದಲ್ಲಿ, ಸ್ವಚ್ಛತೆಯಲ್ಲಿ ಹೊಂದಿದ್ದರೆ ಮೊದಲು ಸಂಶಯಪಡಿ. ಗಣಿಯ ಏಳು ಮಾಣಿಕ್ಯ ಅಷ್ಟು ಸರಿಯಾಗಿ ಹೊಂದುವುದು ಅಪರೂಪ. ಹಳೆಯದರಲ್ಲಿ ಕಲ್ಲಿನ ಮುಖದ ಅಂಚುಗಳನ್ನೂ ಲೂಪಿನಲ್ಲಿ ನೋಡಿ. ಕೊರಂಡಮ್ (ಮಾಣಿಕ್ಯ, ನೀಲ, ಪುಷ್ಯರಾಗ ಮೂರೂ ಇದೇ ಖನಿಜ) ಹತ್ತರ ಮಾಪಕದಲ್ಲಿ ಗಡಸುತನ 9. ದಶಕಗಳ ಬಳಕೆಯ ನಂತರವೂ ಅಂಚು ಚೂಪಾಗಿರುತ್ತದೆ. ಗಾಜಿನ ಅಂಚು ಸವೆದು ಮೊಂಡಾಗಿರುತ್ತದೆ, ಮೈಮೇಲೆ ಗೀರು ತುಂಬಿರುತ್ತದೆ.

ಈಗಿನ ಪೇಟೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹುಷಾರಾಗಿರಬೇಕಾದದ್ದು ಸೀಸದ ಗಾಜು ತುಂಬಿದ ಮಾಣಿಕ್ಯ. ಬಿರುಕು ತುಂಬಿದ, ಬೆಲೆಯಿಲ್ಲದ ಕಲ್ಲಿನ ಬಿರುಕುಗಳಿಗೆ ಸೀಸದ ಗಾಜನ್ನು ಕರಗಿಸಿ ಹೊಗಿಸುತ್ತಾರೆ. ಬಿರುಕು ಮಾಯವಾಗಿ ಕಲ್ಲು ಪಾರದರ್ಶಕವಾಗುತ್ತದೆ. ದೀಪದ ಕೆಳಗೆ ಹಿಂದೆ ಮುಂದೆ ಓಲಾಡಿಸಿದರೆ ಬಿರುಕಿನ ಉದ್ದಕ್ಕೆ ನೀಲಿ ಅಥವಾ ನೇರಳೆ ಮಿಂಚು ಹಾಯುತ್ತದೆ, ಚಪ್ಪಟೆಯಾದ ಗಾಳಿಗುಳ್ಳೆಗಳು ಕಾಣುತ್ತವೆ. ಇದು ಬರೀ ಬೆಲೆಯ ಪ್ರಶ್ನೆಯೂ ಅಲ್ಲ. ಅಕ್ಕಸಾಲಿಗರ ಉರಿ, ಚಿನ್ನ ತೊಳೆಯುವ ಆಮ್ಲ, ಕೊನೆಗೆ ಅಡುಗೆಮನೆಯ ನಿಂಬೆರಸವೂ ಆ ಗಾಜನ್ನು ಕೊರೆಯುತ್ತದೆ. ಕಲ್ಲು ಕೊಳ್ಳುವ ದಿನ ಚೆನ್ನಾಗಿದ್ದು ಆಮೇಲೆ ಬಿಳಿ ಗೆರೆ ಬಂತೆಂದು ದೂರುವವರ ಕಲ್ಲು ಬಹುತೇಕ ಇದೇ ಇರುತ್ತದೆ. ಬರೀ ಕಾಯಿಸಿದ ಮಾಣಿಕ್ಯದ ಮಾತು ಬೇರೆ: ಅದು ಶಾಶ್ವತ, ವ್ಯಾಪಾರದಲ್ಲಿ ಒಪ್ಪಿತ, ಹೇಳಿ ಮಾರಿದರೆ ತಕರಾರಿಲ್ಲ.

ಅಭ್ಯಾಸದ ಪೆಟ್ಟಿಗೆ

ಓದಿ ಕಲ್ಲು ಗುರುತಿಸಲು ಬರುವುದಿಲ್ಲ. ಐದು ಸಣ್ಣ ಕಲ್ಲುಗಳನ್ನು ಬಿಲ್ಲಿನ ಸಮೇತ ಕೊಂಡಿಟ್ಟುಕೊಳ್ಳಿ: ಕಡಿಮೆ ದರ್ಜೆಯ ಗಣಿಯ ಮಾಣಿಕ್ಯ ಒಂದು, ವರ್ನ್ಯೂಯಿ ಮಾಣಿಕ್ಯ ಒಂದು, ಗಾಜು ತುಂಬಿದ್ದು ಒಂದು, ಕೆಂಪು ಗಾರ್ನೆಟ್ ಒಂದು, ಬರೀ ಗಾಜು ಒಂದು. ಕೈಗೆಟುಕಿದರೆ ಕೆಂಪು ಸ್ಪಿನೆಲ್ (ಮಾಣಿಕ್ಯದಂತೆ ಕಾಣುವ ಬೇರೆ ಖನಿಜ) ಕೂಡ. ಮೊದಲನೆಯದಕ್ಕೆ ಮೈಸೂರು ಸೀಮೆಯ ಅಪಾರದರ್ಶಕ ಮಾಣಿಕ್ಯ ಸಾಕು. ಗುಮ್ಮಟದಂತೆ ನಯವಾಗಿ ಕೊರೆದದ್ದು ಅಗ್ಗವಾಗಿ ಸಿಗುತ್ತದೆ, ಕೆಲವದರಲ್ಲಿ ಒಂದೇ ದೀಪದ ಕೆಳಗೆ ಆರು ಕವಲಿನ ನಕ್ಷತ್ರವೂ ಕಾಣುತ್ತದೆ, ಅದು ಅದೇ ರೇಷ್ಮೆಯ ಕೆಲಸ. ಒಂದೊಂದನ್ನೂ ಬೇರೆ ಪುಡಿಕೆಯಲ್ಲಿಟ್ಟು ಹೆಸರನ್ನು ಮಡಿಕೆಯ ಒಳಬದಿಗೆ ಬರೆಯಿರಿ. ವಾರಕ್ಕೊಮ್ಮೆ ಹೆಸರು ನೋಡದೆ ಬಿಚ್ಚಿ, ಏನು ಕಂಡಿತೆಂದು ಬರೆದು, ಆಮೇಲೆ ಹೆಸರು ನೋಡಿ. ಗೊತ್ತಿರುವ ಕಲ್ಲನ್ನು ಪಕ್ಕಕ್ಕಿಟ್ಟುಕೊಂಡು ಗೊತ್ತಿಲ್ಲದ್ದನ್ನು ನೋಡುವ ಅಭ್ಯಾಸ ಬೇಕು, ಏಕೆಂದರೆ ಬಣ್ಣದ ನೆನಪು ಯಾರಿಗೂ ಅಂಗಡಿಯಿಂದ ಮನೆಯವರೆಗೆ ಉಳಿಯುವುದಿಲ್ಲ.

ಎರಡು ಉಪಕರಣ ಈ ಪೆಟ್ಟಿಗೆಗೆ ಸೇರಿದರೆ ಕೆಲಸ ಹಗುರ. ಮೊದಲನೆಯದು ಡೈಕ್ರೋಸ್ಕೋಪ್, ಕಲ್ಲಿನ ಮೂಲಕ ಬರುವ ಬೆಳಕನ್ನು ಎರಡಾಗಿ ಒಡೆದು ತೋರಿಸುವ ಪುಟ್ಟ ಕೊಳವೆ. ಅದರಲ್ಲಿ ನೋಡಿದರೆ ಮಾಣಿಕ್ಯ ಅಕ್ಕಪಕ್ಕದ ಎರಡು ಚೌಕದಲ್ಲಿ ಎರಡು ಬಣ್ಣ ತೋರಿಸುತ್ತದೆ, ಒಂದು ನೇರಳೆ ಕೂಡಿದ ಕೆಂಪು, ಇನ್ನೊಂದು ಕಿತ್ತಳೆ ಕೂಡಿದ ಕೆಂಪು. ಸ್ಪಿನೆಲ್, ಗಾರ್ನೆಟ್, ಗಾಜು ಎರಡರಲ್ಲೂ ಒಂದೇ ಬಣ್ಣ. ಒಂದು ದಿಕ್ಕಿನಲ್ಲಿ ಮಾಣಿಕ್ಯವೂ ಒಂದೇ ಬಣ್ಣ ತೋರಿಸುವುದರಿಂದ ಕಲ್ಲನ್ನು ಕನಿಷ್ಠ ಮೂರು ದಿಕ್ಕಿಗೆ ತಿರುಗಿಸಿಯೇ ತೀರ್ಮಾನಕ್ಕೆ ಬರಬೇಕು. ಬ್ರಿಟನ್ನಿನ ರಾಜಕಿರೀಟದಲ್ಲಿರುವ 'ಬ್ಲ್ಯಾಕ್ ಪ್ರಿನ್ಸಸ್ ರೂಬಿ' ನಿಜಕ್ಕೂ ಸ್ಪಿನೆಲ್. ಶತಮಾನಗಳ ಕಾಲ ಅರಮನೆಗಳು ತಪ್ಪಿದ ಜಾಗವನ್ನು ಇಂದು ಬೆರಳುದ್ದದ ಕೊಳವೆ ಸರಿಯಾಗಿ ಹೇಳುತ್ತದೆ. ಎರಡನೆಯದು 365 ನ್ಯಾನೋಮೀಟರಿನ ಯುವಿ ಟಾರ್ಚ್. ಕತ್ತಲೆಯಲ್ಲಿ ಬರ್ಮಾ ಮಾಣಿಕ್ಯ ಕೆಂಪಾಗಿ ಬೆಳಗುತ್ತದೆ, ಕಬ್ಬಿಣದ ಅಂಶವಿರುವ ಥಾಯ್ಲೆಂಡಿನದು ಮಂಕು, ಬೆಳೆಸಿದ್ದು ಸಾಮಾನ್ಯವಾಗಿ ಎಲ್ಲಕ್ಕಿಂತ ಜೋರು. ಇದು ಸುಳಿವು ಮಾತ್ರ, ಇದೊಂದರ ಮೇಲೆ ಯಾವುದನ್ನೂ ನಿರ್ಧರಿಸಬೇಡಿ.

ನೀರಿನಲ್ಲಿ ತೂಗುವುದು

ಬಿಡಿ ಕಲ್ಲಿಗೆ, ಎರಡು ಕ್ಯಾರೆಟ್‌ಗಿಂತ ದೊಡ್ಡದಾಗಿದ್ದರೆ, ಮನೆಯಲ್ಲೇ ಮಾಡಬಹುದಾದ ಅತ್ಯಂತ ವಿಶ್ವಾಸಾರ್ಹ ಪರೀಕ್ಷೆ ಇದು. 0.001 ಗ್ರಾಂ ತೋರಿಸುವ ತಕ್ಕಡಿ, ಸಣ್ಣ ಗಾಜಿನ ಲೋಟ, ಕೂದಲಿನಷ್ಟು ತೆಳುವಾದ ನೈಲಾನ್ ದಾರ ಬೇಕು.

1. ಫ್ಯಾನು, ಏಸಿ ಆರಿಸಿ. ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ.
2. ಕುದಿಸಿ ಆರಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ. ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ.
3. ಕಲ್ಲನ್ನು ದಾರಕ್ಕೆ ಕಟ್ಟಿ, ದಾರವನ್ನು ತಕ್ಕಡಿಗೆ ತಾಗದ ಆಸರೆಯಿಂದ ಇಳಿಬಿಟ್ಟು, ಕಲ್ಲು ಪೂರ್ತಿ ಮುಳುಗುವಂತೆ ಆದರೆ ತಳಕ್ಕೂ ಬದಿಗೂ ತಾಗದಂತೆ ಮಾಡಿ.
4. ಈಗ ಕಾಣುವ ಅಂಕಿ ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿ. ಬರುವ ಉತ್ತರ ಕಲ್ಲಿನ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಎಂಬುದು.

ಒಣ ತೂಕ 1.040 ಗ್ರಾಂ, ನೀರಿನಲ್ಲಿ ಅಂಕಿ 0.260 ಬಂದರೆ ಉತ್ತರ 4.00, ಅಂದರೆ ಕೊರಂಡಮ್. ಅಂಕಿ 0.289 ಬಂದರೆ 3.60, ಸ್ಪಿನೆಲ್. ಪುಷ್ಯರಾಗವೆಂದು ಕೊಟ್ಟ ಹಳದಿ ಕಲ್ಲು 2.65 ತೋರಿಸಿದರೆ ಅದು ಪೇಟೆಯಲ್ಲಿ ಸುನೇಲಾ ಎನ್ನುವ ಸಿಟ್ರಿನ್, 3.53ರ ಆಸುಪಾಸಿನಲ್ಲಿದ್ದರೆ ಟೋಪಾಜ್. ಗೋಮೇಧಿಕ ಸುಮಾರು 3.65, ಪಚ್ಚೆ ಸುಮಾರು 2.72. ಕೆಂಪು ಗಾರ್ನೆಟ್‌ಗಳಲ್ಲಿ ಕೆಲವು 4ರ ಹತ್ತಿರವೇ ಬರುವುದರಿಂದ ಅಲ್ಲಿ ಡೈಕ್ರೋಸ್ಕೋಪಿನ ಸಾಕ್ಷಿ ಸೇರಬೇಕು.

ತಪ್ಪಾಗುವುದು ಹೆಚ್ಚಾಗಿ ಗಾಳಿಗುಳ್ಳೆಯಿಂದ. ಕಲ್ಲಿಗೆ ಅಂಟಿದ ಗುಳ್ಳೆ ನೀರನ್ನು ಹೆಚ್ಚು ತಳ್ಳಿ ಉತ್ತರವನ್ನು ಇಳಿಸುತ್ತದೆ. ಸೋಪಿನ ಹನಿ ಅದಕ್ಕಾಗಿಯೇ. ಚಿಕ್ಕ ಕಲ್ಲಿಗೆ ಲೆಕ್ಕ ಕೈಕೊಡುತ್ತದೆ: ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ ಮಾಣಿಕ್ಯ ತಳ್ಳುವ ನೀರು 0.050 ಗ್ರಾಂ ಮಾತ್ರ, ತಕ್ಕಡಿ 0.002 ಆಚೀಚೆ ಹೋದರೂ ಉತ್ತರ 3.85ರಿಂದ 4.17ರವರೆಗೆ ಓಲಾಡುತ್ತದೆ. ಬೆಳೆಸಿದ ಮಾಣಿಕ್ಯವೂ 4.00 ಎಂದೇ ತೋರಿಸುತ್ತದೆ ಎಂಬುದನ್ನು ಮರೆಯಬೇಡಿ. ಈ ಪರೀಕ್ಷೆ ಕಲ್ಲಿನ ಜಾತಿ ಹೇಳುತ್ತದೆ, ಹುಟ್ಟನ್ನಲ್ಲ.

ತೂಕದ ಮಾತು ಬಂದಾಗ ಇನ್ನೊಂದು. ಜಾತಕಕ್ಕಾಗಿ ಕಲ್ಲು ಕೊಳ್ಳುವವರಿಗೆ ಜ್ಯೋತಿಷಿಗಳು ರತ್ತಿಯಲ್ಲಿ ಹೇಳಿರುತ್ತಾರೆ. ರತ್ತಿ ಎಲ್ಲ ಕಡೆ ಒಂದೇ ಅಳತೆಯಲ್ಲ. ಕಚ್ಚಾ ರತ್ತಿ ಬೇರೆ, ಪಕ್ಕಾ ರತ್ತಿ ಬೇರೆ. ದರವನ್ನೂ ತೂಕವನ್ನೂ ಕ್ಯಾರೆಟ್‌ನಲ್ಲೇ ಬರೆಸಿಕೊಳ್ಳಿ. "ಕಾಯಿಸದ ಕಲ್ಲೇ ಬೇಕು" ಎಂಬ ಷರತ್ತಿದ್ದರೆ ಅದನ್ನು ಅಂಗಡಿಯವರ ಮಾತಿನಿಂದ ತೀರ್ಮಾನಿಸಲು ಆಗದು, ಪುಷ್ಯರಾಗದಲ್ಲಂತೂ ಸಾಧ್ಯವೇ ಇಲ್ಲ.

ವರದಿ ಓದುವುದು

ಜಿಐಎ, ಐಜಿಐ, ಜೆಮಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಎಂಬ ಮೂರೂ ಪ್ರಯೋಗಾಲಯಗಳು ಮುಂಬೈನಲ್ಲೇ ಇರುವುದು ಇಲ್ಲಿನವರ ಅದೃಷ್ಟ. ಮಾಟುಂಗಾದಿಂದಲೋ ಡೊಂಬಿವಲಿಯಿಂದಲೋ ಹೊರಟರೆ ಅರ್ಧ ದಿನದ ಕೆಲಸ. ಕಲ್ಲು ಕೊಡುವ ಮೊದಲು ಕೇಳಬೇಕಾದ್ದು: ಬಣ್ಣದ ಕಲ್ಲಿಗೆ ನೀವು ಯಾವ ಯಾವ ಪರೀಕ್ಷೆ ಮಾಡುತ್ತೀರಿ, ಸಂಸ್ಕರಣೆಯ ಬಗ್ಗೆ ವರದಿಯಲ್ಲಿ ಬರೆಯುತ್ತೀರಾ, ಒಡವೆಯಲ್ಲಿ ಕೂರಿಸಿದ ಕಲ್ಲನ್ನು ತೆಗೆದುಕೊಳ್ಳುತ್ತೀರಾ. ಕೊಳ್ಳುವ ಮುನ್ನವೇ ಪರೀಕ್ಷೆ ಮಾಡಿಸಬೇಕು. ಪರಿಚಯದ ವ್ಯಾಪಾರಿಗಳು ಜಾಂಗಡ್ ಚೀಟಿಯ ಮೇಲೆ, ಅಂದರೆ ಮಾರದೆ, ನೋಡಿ ಮರಳಿಸಲು ಎಂದು ಬರೆದುಕೊಂಡು, ಕಲ್ಲು ಕೊಡುತ್ತಾರೆ. ಪರಿಚಯ ಇಲ್ಲದಿದ್ದರೆ ಅಂಗಡಿಯವರೇ ಪ್ರಯೋಗಾಲಯಕ್ಕೆ ಕಳಿಸಲಿ, ಶುಲ್ಕ ನಿಮ್ಮದು, ಫಲಿತಾಂಶ ಹೇಳಿದಂತೆ ಬರದಿದ್ದರೆ ವ್ಯಾಪಾರ ಇಲ್ಲ ಎಂದು ಮೊದಲೇ ಬರೆದುಕೊಳ್ಳಿ. ಇದಕ್ಕೆ ಒಪ್ಪದ ಅಂಗಡಿಯ ಮೆಟ್ಟಿಲು ಇಳಿಯುವುದೇ ಮೇಲು.

ವರದಿ ಕೈಗೆ ಬಂದಾಗ ದೊಡ್ಡ ಅಕ್ಷರದ "ನ್ಯಾಚುರಲ್ ರೂಬಿ" ಬಿಟ್ಟು ಮೊದಲು ಕೆಳಗಿನ ಕಾಮೆಂಟ್ಸ್ ಸಾಲು ಓದಿ. ಗಾಜು ತುಂಬಿದ ಸಂಗತಿ ಅಡಗಿರುವುದು ಅಲ್ಲೇ. ಕಾಯಿಸಿದ ಗುರುತಿದೆ, ಕಾಯಿಸಿದ ಗುರುತು ಕಂಡಿಲ್ಲ, ಇವೆರಡೂ ಸ್ಪಷ್ಟ ಹೇಳಿಕೆಗಳು. ಸಂಸ್ಕರಣೆಯ ಬಗ್ಗೆ ಏನೂ ಬರೆಯದ ಎಟಿಎಂ ಕಾರ್ಡಿನಷ್ಟರ ಕಾಗದ ಆ ಬಗ್ಗೆ ಏನನ್ನೂ ಹೇಳಿಲ್ಲ ಎಂದೇ ತಿಳಿಯಬೇಕು. ಬರ್ಮಾ, ಮೊಜಾಂಬಿಕ್, ಕಾಶ್ಮೀರ ಎಂಬ ಹುಟ್ಟೂರಿನ ಸಾಲು ಪ್ರಯೋಗಾಲಯದ ಅಭಿಪ್ರಾಯ. ಒಂದೇ ಕಲ್ಲಿಗೆ ಎರಡು ಕಡೆ ಎರಡು ಉತ್ತರ ಬರುವುದುಂಟು. ಆ ಒಂದು ಸಾಲಿಗೇ ಬೆಲೆ ಹಲವು ಪಟ್ಟು ಏರುವುದಾದರೆ ಎರಡನೆಯ ವರದಿ ಮಾಡಿಸುವುದರಲ್ಲಿ ನಷ್ಟವಿಲ್ಲ.

ಆಮೇಲೆ ಕಲ್ಲು ಮತ್ತು ಕಾಗದ ಒಂದಕ್ಕೊಂದು ಸೇರಿದವೇ ಎಂದು ನೋಡಿ. ನಿಜವಾದ ವರದಿಯ ಜೊತೆ ಬೇರೆ ಕಲ್ಲು ಕೊಡುವುದು ಹಳೆಯ ಚಾಳಿ. ವರದಿಯ ಸಂಖ್ಯೆಯನ್ನು ಪ್ರಯೋಗಾಲಯದ ಜಾಲತಾಣದಲ್ಲಿ ನೀವೇ ಟೈಪ್ ಮಾಡಿ ತೆರೆಯಿರಿ. ಕಾರ್ಡಿನ ಕ್ಯೂಆರ್ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದು ಗೊತ್ತಿರುವುದಿಲ್ಲ. ಕ್ಯಾರೆಟ್ ತೂಕ ಎರಡು ದಶಾಂಶದವರೆಗೆ, ಉದ್ದ ಅಗಲ ಎತ್ತರ ಮಿಲಿಮೀಟರಿನ ನೂರನೆಯ ಭಾಗದವರೆಗೆ ತಾಳೆಯಾಗಬೇಕು. ಚಿನ್ನದ ಮೇಲಿನ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಹೇಳುವುದು ಚಿನ್ನದ ಶುದ್ಧತೆ ಮಾತ್ರ, ಕಲ್ಲಿನ ಬಗ್ಗೆ ಒಂದಕ್ಷರವೂ ಅಲ್ಲ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ ಬೇರೆ ಬೇರೆ ಇರಲಿ. ಕುಂದಣದ ಕೆಲಸದಲ್ಲಿ ಒಳಗಿನ ಅರಗಿನ ತೂಕವೂ ಚಿನ್ನದ ಲೆಕ್ಕಕ್ಕೆ ಹೋಗಿಬಿಡುತ್ತದೆ.

ವಜ್ರ

ವಜ್ರದಲ್ಲಿ ಲೂಪಿನ ಅಧಿಕಾರ ಮುಗಿದಿದೆ. ಜನರಲ್ ಎಲೆಕ್ಟ್ರಿಕ್ ಕಂಪನಿ 1955ರಲ್ಲಿ ಒತ್ತಡ ಮತ್ತು ಶಾಖದಿಂದ ವಜ್ರ ಮಾಡಿದ್ದನ್ನು ಪ್ರಕಟಿಸಿತು. ಈಗ ಅದರ ಜೊತೆ ಮೀಥೇನ್ ಮತ್ತು ಹೈಡ್ರೋಜನ್ ಅನಿಲದಿಂದ ಪದರ ಪದರವಾಗಿ ಬೆಳೆಸುವ ಸಿವಿಡಿ ವಿಧಾನವೂ ಇದೆ, ಸೂರತ್ ಅದರ ದೊಡ್ಡ ಕೇಂದ್ರ. ಬೆಳೆಸಿದ್ದೂ ವಜ್ರವೇ, ಆದ್ದರಿಂದ ಅಂಗಡಿಯ ಪೆನ್ನಿನಂಥ ಶಾಖದ ಟೆಸ್ಟರ್ ಎರಡಕ್ಕೂ ಬೀಪ್ ಅನ್ನುತ್ತದೆ. ಬರೀ ಶಾಖ ನೋಡುವ ಟೆಸ್ಟರ್ ವಜ್ರದಂತೆ ಕಾಣುವ ಬೇರೆ ಕಲ್ಲಾದ ಮೊಯ್ಸನೈಟ್‌ಗೂ ಹಾಗೇ ಕೂಗುತ್ತದೆ. ಮೊಯ್ಸನೈಟನ್ನು ಲೂಪ್ ಹಿಡಿಯಬಲ್ಲದು: ಕಲ್ಲನ್ನು ಸ್ವಲ್ಪ ವಾಲಿಸಿ, ಪಕ್ಕದ ಮುಖದಿಂದ ಹಿಂಬದಿಯ ಅಂಚುಗಳನ್ನು ನೋಡಿದರೆ ಒಂದೊಂದು ಗೆರೆ ಎರಡಾಗಿ ಕಾಣುತ್ತದೆ. ನೇರ ಮೇಲಿನಿಂದ ನೋಡಿದರೆ ಆ ಜೋಡಿ ಕಾಣದಂತೆ ಕತ್ತರಿಸಿರುತ್ತಾರೆ. ಗಣಿಯ ವಜ್ರ, ಬೆಳೆಸಿದ ವಜ್ರ ಬೇರ್ಪಡಿಸಲು ಮಾತ್ರ ವರ್ಣಪಟಲದ ಯಂತ್ರಗಳೇ ಬೇಕು.

ದೊಡ್ಡ ಕಲ್ಲಾದರೆ ಸೊಂಟದ ಅಂಚಿನಲ್ಲಿ ಲೇಸರಿನಿಂದ ಕೊರೆದ ಸಂಖ್ಯೆಯನ್ನು ವರದಿಯೊಂದಿಗೆ ತಾಳೆ ನೋಡಿ. ನಿಜವಾದ ತೊಡಕಿರುವುದು ಬೆಂಡೋಲೆ, ಬಳೆಗಳಲ್ಲಿ ಡಜನ್‌ಗಟ್ಟಲೆ ಸೇರುವ ಪುಟ್ಟ ವಜ್ರಗಳಲ್ಲಿ. ಗಣಿಯವುಗಳ ಮಧ್ಯೆ ಬೆಳೆಸಿದವು ಬೆರೆಯುವುದು ಅಲ್ಲೇ. ಒಡವೆಯನ್ನು ಇಡಿಯಾಗಿ ಸ್ಕ್ರೀನ್ ಮಾಡುವ ಸೇವೆ ಪ್ರಯೋಗಾಲಯಗಳಲ್ಲಿದೆ, ಬಿಲ್ಲಿನಲ್ಲಿ "ಎಲ್ಲವೂ ಗಣಿಯ ವಜ್ರ" ಎಂದು ಬರೆಸಿಕೊಂಡು ಅಲ್ಲಿಗೆ ಒಯ್ಯಿರಿ. ಬೆಳೆಸಿದ ವಜ್ರವನ್ನು ಇಷ್ಟಪಟ್ಟು ಕೊಳ್ಳುವುದಾದರೆ ಚೆಂದಕ್ಕಾಗಿ ಕೊಳ್ಳಿ. ಅದರ ದರ ಕೆಲವು ವರ್ಷಗಳಿಂದ ತೀವ್ರವಾಗಿ ಇಳಿದಿದೆ, ಮರುಮಾರಾಟದ ಲೆಕ್ಕ ಇಟ್ಟುಕೊಳ್ಳಬಾರದು.

ಪಚ್ಚೆ, ಮುತ್ತು, ಹವಳ

ಪಚ್ಚೆಯೊಳಗೆ ಬಿರುಕು, ಪಾಚಿಯಂಥ ಗುರುತು ಇರುವುದು ಸಹಜ. ಕೊಲಂಬಿಯಾದ್ದರಲ್ಲಿ ಒಂದೇ ಕುಳಿಯೊಳಗೆ ದ್ರವ, ಗುಳ್ಳೆ, ಉಪ್ಪಿನ ಹರಳು ಮೂರೂ ಕಾಣಬಹುದು. ಬಿರುಕಿಗೆ ಎಣ್ಣೆ ಹಾಕುವುದು ಲಾಗಾಯ್ತಿನ ಪದ್ಧತಿ, ಪ್ರಶ್ನೆ ಎಷ್ಟು ಹಾಕಿದ್ದಾರೆ ಮತ್ತು ಎಣ್ಣೆಯೋ ರಾಳವೋ ಎಂಬುದು; ಅದನ್ನು ವರದಿಯಲ್ಲಿ ಕೇಳಿ. ಚೆಲ್ಸಿ ಫಿಲ್ಟರಿನಲ್ಲಿ (ಕಣ್ಣಿಗೆ ಹಿಡಿದು ಕಲ್ಲು ನೋಡುವ ಬಣ್ಣದ ಗಾಜು) ಕೆಂಪಾಗಿ ಕಂಡರೆ ಅಸಲಿ ಎಂಬ ಮಾತನ್ನು ನಂಬಬೇಡಿ. ಬೆಳೆಸಿದ ಪಚ್ಚೆ ಅದರಲ್ಲಿ ಇನ್ನೂ ಕೆಂಪು, ಜಾಂಬಿಯಾದ ಅಸಲಿ ಪಚ್ಚೆ ಎಷ್ಟೋ ಸಲ ಕೆಂಪಾಗುವುದೇ ಇಲ್ಲ.

ಮುತ್ತನ್ನು ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿದರೆ ಮರಳಿನಂತೆ ತಾಗುವುದು ಮುತ್ತು, ನುಣ್ಣಗೆ ಜಾರುವುದು ನಕಲು. ಇದು ತಾನಾಗಿ ಹುಟ್ಟಿದ ಮುತ್ತಿಗೂ ಸಾಕಿದ ಮುತ್ತಿಗೂ ವ್ಯತ್ಯಾಸ ಹೇಳದು. ತೂತಿನೊಳಗೆ ಲೂಪ್ ಹಾಕಿ ನೋಡಿ, ಒಳಗಿನ ಮಣಿಗೂ ಹೊರಪದರಕ್ಕೂ ನಡುವೆ ಗೆರೆ ಕಂಡರೆ ಸಾಕಿದ್ದು. ಬಸ್ರಾ ಮುತ್ತೆಂದು (ಪರ್ಷಿಯನ್ ಕೊಲ್ಲಿಯ, ಸಾಕದ ಮುತ್ತು) ದೊಡ್ಡ ಬೆಲೆ ಹೇಳಿದರೆ ಎಕ್ಸ್‌ರೇ ವರದಿ ಇಲ್ಲದೆ ಮುಂದುವರಿಯಬೇಡಿ. ಹವಳದಲ್ಲಿ ಬಣ್ಣ ಹಾಕಿದ್ದೇ ಹೆಚ್ಚು: ಹಿಂಬದಿಯಲ್ಲಿ, ಮಾರುವವರ ಒಪ್ಪಿಗೆ ಪಡೆದು, ಅಸಿಟೋನ್ ತಾಗಿಸಿದ ಹತ್ತಿಯಿಂದ ಉಜ್ಜಿದರೆ ಬಣ್ಣ ಬಿಡುತ್ತದೆ. ಬಿಡದಿದ್ದರೂ ಅಸಲಿ ಎಂದಾಗಲಿಲ್ಲ, ಮೇಲೆ ಮೇಣವೋ ರಾಳವೋ ಇರಬಹುದು.

ಅಕ್ಕಸಾಲಿಗರ ಕೈಗೆ ಕೊಡುವಾಗ

ಎಷ್ಟೋ ಒಳ್ಳೆಯ ಕಲ್ಲುಗಳು ಹಾಳಾಗುವುದು ರಿಪೇರಿಯಲ್ಲಿ. ಉಂಗುರದ ಅಳತೆ ಬದಲಿಸಲು ಕೊಡುವಾಗ ಕಲ್ಲಿಗೆ ಏನು ಸಂಸ್ಕರಣೆ ಆಗಿದೆ ಎಂದು ಬಾಯಲ್ಲಿ ಹೇಳಿ, ಚೀಟಿಯಲ್ಲೂ ಬರೆಸಿ. ಗಾಜು ತುಂಬಿದ ಮಾಣಿಕ್ಯ, ಪಚ್ಚೆ, ಮುತ್ತು, ಹವಳ ಇವನ್ನು ಬೆಸುಗೆಗೆ ಮೊದಲು ತೆಗೆಯಲೇಬೇಕು. ಗಾಜು ತುಂಬದ ಮಾ­ಣಿಕ್ಯ, ನೀಲವನ್ನೂ ತೆಗೆಸುವುದು ಒಳ್ಳೆಯದು: ಬೆಸುಗೆಯಲ್ಲಿ ಬಳಸುವ ಬಿಳಿಗಾರ ಬಿಸಿಯಾದಾಗ ಕೊರಂಡಮ್ಮಿನ ಹೊಳಪನ್ನು ತಿನ್ನುತ್ತದೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ಪಚ್ಚೆ ತೊಳೆದರೆ ಎಣ್ಣೆ ಹೊರಬಂದು ಬಿರುಕುಗಳೆಲ್ಲ ಬೆಳ್ಳಗೆ ಕಾಣುತ್ತವೆ. ಉಗುರುಬೆಚ್ಚನೆಯ ನೀರು, ಮೆದು ಬ್ರಶ್ ಸಾಕು. ಮುತ್ತಿನ ಸರದ ರೇಷ್ಮೆ ದಾರ ಮುಂಬೈನ ತೇವಕ್ಕೂ ಬೆವರಿಗೂ ಬೇಗ ಕೊಳೆಯುತ್ತದೆ, ಪ್ರತಿ ಮುತ್ತಿನ ನಡುವೆ ಗಂಟು ಹಾಕಿಸಿ ಮತ್ತೆ ಪೋಣಿಸಿ.

ಕೊಡುವ ಮೊದಲು ಲೂಪನ್ನು ಫೋನಿನ ಕ್ಯಾಮೆರಾಕ್ಕೆ ಆನಿಸಿ ಕಲ್ಲಿನೊಳಗಿನ ಗುರುತುಗಳ ಫೋಟೋ ತೆಗೆದಿಟ್ಟುಕೊಳ್ಳಿ: ಮುಖದ ಮೇಲಿನಿಂದ ಒಂದು, ಎರಡು ಪಕ್ಕಗಳಿಂದ ಒಂದೊಂದು. ಗಣಿಯ ಎರಡು ಕಲ್ಲುಗಳಲ್ಲಿ ಆ ಹರಳು, ಆ ರೇಷ್ಮೆ, ಆ ಬಿರುಕು ಒಂದೇ ಜಾಗದಲ್ಲಿ ಇರುವುದಿಲ್ಲ. ಒಡವೆ ಮರಳಿ ಬಂದ ದಿನ ಅಂಗಡಿಯಲ್ಲೇ ನಿಂತು, ಫೋಟೋ ಪಕ್ಕಕ್ಕಿಟ್ಟು, ಅದೇ ಕೋನದಲ್ಲಿ ಕಲ್ಲನ್ನು ತಿರುಗಿಸಿ ನೋಡಿ ಆಮೇಲೆ ಚೀಟಿಗೆ ಸಹಿ ಹಾಕಿ.